ನೂರು ಕ್ಯಾಂಡಲ್ ಬಲ್ಬೂ ಪದ್ಮಳ ಮಾಗಿ ಬೆಳೆಯೂ

ಉಪದೇಶ ಮಾಡುವ ಚಟ ಬೀಡಿ ಸೇದುವ ಚಟಕ್ಕಿಂತ ಕೆಟ್ಟದ್ದು. ಬೀಡಿ ಸೇದುವವನು ಹೆಂಡತಿಗೆ ಹೆದರಿಯಾದರೂ ಮನೆಯಿಂದ ಹೊರಗೆ ಹೋಗಿ ಸೇದುತ್ತಾನೆ. ಉಪದೇಶ ಮಾಡುವವನು ಹೊರಗೆ ಮಾಡಿದ್ದು ಸಾಲದೆಂದು ಮನೆಗೆ ಬಂದೂ ಮಾಡುತ್ತಾನೆ. ನಾನು ಕೈವಾರದ ಕಡೆಯ ಒಂದು ಹೈಸ್ಕೂಲಿನಲ್ಲಿ ವಿಜ್ಞಾನದ ಮೇಷ್ಟ್ರು. ಈ ಚಟ ನನಗೆ ಸಂಬಳದ ಜೊತೆಯಲ್ಲೇ ಬಂದದ್ದು. ಬಸ್ಸಿನಲ್ಲಿ ಪಕ್ಕದವರು ಕಿಟಕಿ ಮುಚ್ಚಿದರೆ ಗಾಳಿಯ ಒತ್ತಡದ ಬಗ್ಗೆ ಹೇಳುತ್ತೇನೆ. ಹೋಟೆಲಿನಲ್ಲಿ ಯಾರಾದರೂ ಕಾಫಿ ಆರಿಸಿಕೊಳ್ಳುತ್ತಿದ್ದರೆ ಆವಿಯಾಗುವಿಕೆಯ ಬಗ್ಗೆ ಹೇಳುತ್ತೇನೆ. ಮದುವೆ ಮನೆಯ ಪಂಕ್ತಿಯಲ್ಲಿ ನನ್ನ ಪಕ್ಕದ ಎಲೆ ಎಲ್ಲಕ್ಕಿಂತ ಕೊನೆಯಲ್ಲಿ ಭರ್ತಿಯಾಗುತ್ತದೆ ಎಂಬುದನ್ನು ನಾನು ಗಮನಿಸಿಲ್ಲವೆಂದಲ್ಲ. ಆದರೆ ಇಷ್ಟು ವರ್ಷ ನನ್ನ ಉಪದೇಶದಿಂದ ಯಾರಿಗೂ ಉಪಯೋಗವಾಗದಿದ್ದರೂ ಅಪಾಯವಂತೂ ಆಗಿರಲಿಲ್ಲ. ಅಪಾಯವಾದದ್ದು ಕಳೆದ ಮಾಗಿಯಲ್ಲಿ, ಬಲ್ಬಿನ ವಿಷಯದಲ್ಲಿ.

ಮೊದಲು ನಮ್ಮ ಮನೆಯ ಭೂಗೋಳ ಹೇಳಿಬಿಡುತ್ತೇನೆ. ಶಿಡ್ಲಘಟ್ಟದಿಂದ ಚಿಂತಾಮಣಿಗೆ ಹೋಗುವ ದಾರಿಯಲ್ಲಿ ಒಳಕ್ಕೆ ತಿರುಗಿದರೆ ನಮ್ಮೂರು. ಊರ ಸುತ್ತ ಹಿಪ್ಪುನೇರಳೆ ತೋಟಗಳು. ಅದರಲ್ಲಿ ನಮ್ಮದೂ ಒಂದು ತುಂಡು. ಮನೆಯ ಹಿಂಭಾಗದಲ್ಲಿ ಉದ್ದನೆಯ ಒಂದು ಕೋಣೆಯಿದೆ, ಅದಕ್ಕೆ ಹುಳದ ಮನೆ ಎಂದೇ ಹೆಸರು. ಮಂಡಿನೋವು ಬರುವವರೆಗೂ ನನ್ನ ಅಮ್ಮ ಅಲ್ಲಿ ರೇಷ್ಮೆಹುಳು ಸಾಕಿದಳು. ನಾನು ಬಿ.ಎಡ್. ಓದಿದ್ದು ಆ ಹುಳುಗಳ ಕೃಪೆಯಿಂದ. ಅಮ್ಮ ಕೈಬಿಟ್ಟ ಮೇಲೆ ಕೋಣೆ ಖಾಲಿ ಬಿತ್ತು. ಖಾಲಿ ಕೋಣೆಯ ಮೇಲೆ ಮೇಷ್ಟ್ರ ಕಣ್ಣು ಬೀಳದೆ ಇರುತ್ತದೆಯೇ? ಒಂದು ಮೇಜು, ಒಂದು ಪುಸ್ತಕದ ಬೀರು, ಬಾಗಿಲ ಮೇಲೆ 'ಓದುವ ಕೋಣೆ' ಎಂಬ ಫಲಕ, ಒಳಗೆ ನಾನು ಗಂಭೀರವಾಗಿ ಕುಳಿತಿರುವುದು, ಇಷ್ಟನ್ನೂ ಮನಸ್ಸಿನಲ್ಲೇ ಜೋಡಿಸಿಯಾಗಿತ್ತು. ಅಷ್ಟರಲ್ಲಿ ನನ್ನ ಹೆಂಡತಿ ಪದ್ಮ, "ನಾನು ಹುಳ ಮೇಯಿಸ್ತೀನಿ" ಎಂದುಬಿಟ್ಟಳು.

ಊರಿನವರು ಮೊದಲು ನಕ್ಕರು. ಸಂಬಳದವನ ಹೆಂಡತಿ ನೆರಳಲ್ಲಿ ಕೂತು ಟೀವಿ ನೋಡುವುದು ಬಿಟ್ಟು ಸೊಪ್ಪು ಕೊಯ್ಯುವುದೆಂದರೇನು? ನಾನೂ ನಕ್ಕೆ, ಆದರೆ ಮೇಷ್ಟ್ರ ಕ್ರಮದಲ್ಲಿ, ಕಾರಣಗಳ ಸಮೇತ. ರೋಗ, ದರ, ಮಾರುಕಟ್ಟೆ ಎಂದೆಲ್ಲ ವಿವರಿಸಿದೆ. ಬೇಸಿಗೆಯ ಬೆಳೆ ಚೆನ್ನಾಗಿ ಬಂತು. ಮಳೆಗಾಲದ್ದೂ ಪರವಾಗಿಲ್ಲ ಅನ್ನಿಸಿತು. ಆದರೂ ನಾನು ಸುಮ್ಮನಿರದೆ, "ಮಾಗಿ ಬೆಳೆ ಎತ್ತಿ ತೋರ್ಸು ನೋಡೋಣ, ಅದು ಕಷ್ಟ" ಎಂದೆ. ಪದ್ಮ ಸೊಪ್ಪಿನ ಕುಕ್ಕೆಯನ್ನು ಧೊಪ್ಪನೆ ಕೆಳಗಿಟ್ಟು, ಅಮ್ಮನ ಎದುರಿಗೇ ಹೇಳಿದಳು: "ಅತ್ತೆ, ನೀವೇ ಸಾಕ್ಷಿ. ಮಾಗಿ ಬೆಳೆ ಕೈಕೊಟ್ರೆ ಈ ರೂಮು ಅವ್ರಿಗೆ. ಮೇಜಾದ್ರೂ ಹಾಕ್ಕೊಳ್ಳಲಿ, ಮಂಚ ಆದ್ರೂ ಹಾಕ್ಕೊಳ್ಳಲಿ. ಬೆಳೆ ಬಂತೋ, ಇನ್ಮೇಲೆ ಆ ರೂಮಿನ ಸುದ್ದಿ ಎತ್ತಬಾರ್ದು." ಅಮ್ಮ ಎಲೆಯಡಿಕೆ ಜಗಿಯುತ್ತಾ, "ಸರಿ ಕಣಮ್ಮಾ" ಎಂದು ತೀರ್ಪು ಕೊಟ್ಟಳು. ಹೀಗೆ ಒಂದು ಕೋಣೆಯ ಹಣೆಬರಹ ಆ ಮಾಗಿಯ ಹುಳುಗಳ ಕೈಗೆ ಹೋಯಿತು. ಕೈಕೊಡಲು ಹುಳುಗಳಿಗೆ ಕೈ ಇಲ್ಲ ಎಂದು ನಾನು ಆಗಲೂ ತಿದ್ದಲು ಹೊರಟಿದ್ದೆ, ಪದ್ಮಳ ಮುಖ ನೋಡಿ ನಿಲ್ಲಿಸಿದೆ.

ಇನ್ನು ಬಲ್ಬಿನ ವಿಷಯ. ನಮ್ಮ ಮನೆಗೆ ಬಂದು ಹೋದ ದೀಪಗಳನ್ನೆಲ್ಲ ನಾನು ಅಮ್ಮನ ನಮಸ್ಕಾರದ ಮೂಲಕವೇ ಅಳೆದಿದ್ದೇನೆ. ಸಂಜೆ ಮೊದಲ ದೀಪ ಹಾಕಿದ ಕೂಡಲೇ ಅದಕ್ಕೆ ಕೈಮುಗಿಯುವುದು ಅಮ್ಮನ ಪದ್ಧತಿ. ಎಣ್ಣೆಯ ದೀಪವೋ ಕರೆಂಟಿನದೋ ಎಂಬ ಭೇದ ಅವಳಿಗಿಲ್ಲ. ನೂರು ಕ್ಯಾಂಡಲ್‌ನ ಗುಂಡು ಬಲ್ಬಿನ ಕಾಲದಲ್ಲಿ ಇದು ಬಹಳ ಸಲೀಸು. ಸ್ವಿಚ್ಚು ಒತ್ತಿದರೆ ಬೆಳಕು, ಕೂಡಲೇ ನಮಸ್ಕಾರ, ಅಮ್ಮ ಮತ್ತೆ ಅಡುಗೆಮನೆಗೆ. ಆಮೇಲೆ ಟ್ಯೂಬ್‌ಲೈಟು ಬಂತು. ಅದು ಪಕ್ ಪಕ್ ಎಂದು ಕಣ್ಣು ಮಿಟುಕಿಸಿ, ಹತ್ತಿಕೊಂಡಿತು ಎನ್ನುವಷ್ಟರಲ್ಲಿ ಆರಿ, ಮತ್ತೆ ಮಿಟುಕಿಸುತ್ತಿತ್ತು. ಅಮ್ಮ ಪ್ರತಿ ಮಿಟುಕಿಗೂ ಕೈ ಎತ್ತಿ, ಇಳಿಸಿ, ಮತ್ತೆ ಎತ್ತುತ್ತಿದ್ದಳು. ಹೊರಗಿನಿಂದ ನೋಡಿದವರಿಗೆ ನಮ್ಮ ಮನೆಯಲ್ಲಿ ಏನೋ ವ್ಯಾಯಾಮ ನಡೆಯುತ್ತಿರುವಂತೆ ಕಾಣುತ್ತಿತ್ತು. ಕೊನೆಗೆ ಅಪ್ಪ ಕೋಲಿನಿಂದ ಅದರ ಸ್ಟಾರ್ಟರ್ ಅನ್ನು ತಿವಿದ ಮೇಲೆಯೇ ಬೆಳಕೂ ನಿಲ್ಲುತ್ತಿತ್ತು, ಅಮ್ಮನ ಕೈಯೂ ನಿಲ್ಲುತ್ತಿತ್ತು.

ಅದಾದ ಮೇಲೆ ಬಂದದ್ದು ಸಿಎಫ್‌ಎಲ್. ನಮ್ಮೂರಿನಲ್ಲಿ ಅದನ್ನು ಜಿಲೇಬಿ ಬಲ್ಬು ಎನ್ನುತ್ತಿದ್ದರು. ಕರೆಂಟು ಕಡಿಮೆ ತಿನ್ನುತ್ತದೆ ಎಂದು ನಾನೇ ತಂದು ಮನೆ ತುಂಬ ಹಾಕಿದೆ. ತಿನ್ನುವುದೇನೋ ಕಡಿಮೆಯೇ, ಆದರೆ ಚಳಿಗಾಲದಲ್ಲಿ ಅದು ಎದ್ದು ಕೂರಲು ಮದುಮಗನಷ್ಟು ಹೊತ್ತು ಮಾಡುತ್ತಿತ್ತು. ಬಚ್ಚಲಿನಲ್ಲಿ ಪೂರ್ತಿ ಬೆಳಕಾಗುವಷ್ಟರಲ್ಲಿ ನನ್ನ ಸ್ನಾನ ಮುಗಿದು ಟವೆಲ್ಲು ಸುತ್ತಿಕೊಂಡಾಗಿರುತ್ತಿತ್ತು. ಅಮ್ಮ ಕೈಜೋಡಿಸಿಕೊಂಡು ಅದರ ಕೆಳಗೆ ಕಾಯುತ್ತಾ ನಿಂತು, "ಇದೇನಪ್ಪಾ, ದೇವ್ರೇ ಬೇಗ ಬರ್ತಾನಲ್ಲ" ಎಂದು ಗೊಣಗುತ್ತಿದ್ದಳು. ಅದು ಒಡೆದರೆ ಒಳಗಿನ ಪಾದರಸದ ಚಿಂತೆ ಬೇರೆ. ಒಮ್ಮೆ ಒಂದು ಒಡೆದಾಗ ನಾನು ಪಾದರಸದ ದುಷ್ಪರಿಣಾಮಗಳನ್ನು ಎಷ್ಟು ವಿವರವಾಗಿ ಹೇಳಿದೆನೆಂದರೆ, ಎಲ್ಲರೂ ಎದ್ದು ಹೊರಗೆ ಹೋದರು. ಕಿಟಕಿ ತೆರೆದು ಹೊರಗೆ ಹೋಗುವುದೇ ಸರಿಯಾದ ಕ್ರಮವಾದ್ದರಿಂದ ನನಗೆ ಸಂತೋಷವಾಯಿತು. ಅವರು ಪಾದರಸಕ್ಕೆ ಹೆದರಿ ಹೋದದ್ದಲ್ಲ ಎಂದು ಪದ್ಮ ಆಮೇಲೆ ಹೇಳಿದಳು.

ಆದ್ದರಿಂದ ಎಲ್‌ಇಡಿ ಬಂದಾಗ ನಾನು ಅದನ್ನು ಮನೆಗೆ ಬಂದ ಲಕ್ಷ್ಮಿಯಂತೆ ಬರಮಾಡಿಕೊಂಡೆ. ಒತ್ತಿದ ತಕ್ಷಣ ಬೆಳಕು. ಪಾದರಸವಿಲ್ಲ. ಬಿದ್ದರೆ ಸುಲಭವಾಗಿ ಒಡೆಯದು. ಕರೆಂಟನ್ನು ಹಕ್ಕಿಯ ಹಾಗೆ ಕುಕ್ಕಿ ತಿನ್ನುತ್ತದೆ. ಉರಿಯುತ್ತಿರುವಾಗಲೇ ಬೆರಳಿನಿಂದ ಮುಟ್ಟಿದರೂ ಗುಂಡು ಬಲ್ಬಿನ ಹಾಗೆ ಚುರ್ರೆನ್ನುವುದಿಲ್ಲ. ಈ ಕೊನೆಯ ಗುಣವನ್ನು ನಾನು ವಿಶೇಷವಾಗಿ ಹೊಗಳುತ್ತಿದ್ದೆ, ಮುಂದೆ ಅದೇ ನನ್ನ ಕೊರಳಿಗೆ ಸುತ್ತಿಕೊಂಡಿತು. ಕಳೆದ ದೀಪಾವಳಿಗೆ ನನ್ನ ಪ್ರಚಾರ ಶಿಖರಕ್ಕೇರಿತು. ನೆಂಟರ ಮನೆಗಳಿಗೆಲ್ಲ ಹೋಗಿ ಸೂರು ನೋಡುತ್ತಾ ನಡೆದೆ. ಎಲ್ಲಾದರೂ ಗುಂಡು ಬಲ್ಬು ಕಂಡರೆ ಪಾಠ ಶುರು. ನಗರಗೆರೆಯಲ್ಲಿರುವ ಭಾಮೈದ ಮಂಜುನಾಥ, "ಆಗ್ಲಿ ಭಾವ, ಇವತ್ತೇ ಬದ್ಲಾಯಿಸ್ತೀನಿ" ಎಂದ. ಶಿಡ್ಲಘಟ್ಟದ ಎಲೆಕ್ಟ್ರಿಕ್ ಅಂಗಡಿಯ ಬಾಷಾ ಸಾಹೇಬರಿಗೆ, "ಹಳೇ ಬಲ್ಬು ಮಾರೋದು ಪಾಪ" ಎಂದು ಹೇಳಿ ಅವರ ಗಿರಾಕಿಗಳೆದುರಿಗೇ ಭಾಷಣ ಮಾಡಿದೆ. ಅಮ್ಮ ಮಾತ್ರ, "ಈಗ ಕರೆಂಟೇ ಪುಕ್ಕಟೆ ಕೊಡ್ತಾರಲ್ಲೋ, ಉಳಿಸಿ ಯಾರಿಗೆ ಕೊಡ್ತೀಯ?" ಎಂದಳು. ತತ್ತ್ವದ ಪ್ರಶ್ನೆ ಎಂದೆ. "ಏಮೋನಪ್ಪಾ" ಎಂದು ಎದ್ದು ಹೋದಳು. ನಮ್ಮ ಕಡೆ ತೆಲುಗಿನಲ್ಲಿ ಹೀಗೆಂದರೆ ಚರ್ಚೆ ಮುಗಿಯಿತು, ಆದರೆ ನಿನ್ನ ಮಾತು ಒಪ್ಪಲಿಲ್ಲ ಎಂದು ಅರ್ಥ.

ಪರೋಪದೇಶ ಮಾಡುವವನು ತನ್ನ ಮನೆಯಲ್ಲಿ ಒಂದು ಗುಂಡು ಬಲ್ಬನ್ನೂ ಇಟ್ಟುಕೊಳ್ಳಬಾರದಲ್ಲ. ಹಜಾರ, ಅಡುಗೆಮನೆ, ದನದ ಕೊಟ್ಟಿಗೆ ಎಲ್ಲ ಮುಗಿಸಿ, ಕೊನೆಗೆ ಏಣಿ ಹಾಕಿ ಹುಳದ ಮನೆಯ ಬಲ್ಬುಗಳನ್ನೂ ಬಿಚ್ಚಿದೆ. ಅಮ್ಮನ ಕಾಲದಿಂದ ಅಲ್ಲಿ ಹುಳು ಮೇಯುವ ತಟ್ಟೆಗಳ ಸಾಲಿನ ನಡುನಡುವೆ ನೂರು ಕ್ಯಾಂಡಲ್ ಬಲ್ಬುಗಳು ತಗ್ಗಾಗಿ ನೇತಾಡುತ್ತಿದ್ದವು. ಅಷ್ಟೊಂದು ಬಲ್ಬು ಏಕೆ, ಅಷ್ಟು ತಗ್ಗಿನಲ್ಲಿ ಏಕೆ ಎಂದು ನಾನು ಯೋಚಿಸಲಿಲ್ಲ. ಪದ್ಮಳೂ ಯೋಚಿಸಲಿಲ್ಲ. ಅವಳು ಹುಳು ಸಾಕಲು ಶುರು ಮಾಡಿದ್ದು ಬೇಸಿಗೆಯಲ್ಲಿ. ಆ ಬಲ್ಬುಗಳನ್ನು ಹಾಕುವ ಸಂದರ್ಭವೇ ಹೆಚ್ಚು ಬಂದಿರಲಿಲ್ಲ. ತೂಗುಹಾಕಿಸಿದ ಅಮ್ಮನನ್ನು ಕೇಳಬಹುದಿತ್ತು. ಆದರೆ ಮಗ ಬಿ.ಎಡ್. ಮಾಡಿರುವ ಮನೆಯಲ್ಲಿ ಅಮ್ಮನನ್ನು ಬಲ್ಬಿನ ವಿಷಯ ಯಾರು ಕೇಳುತ್ತಾರೆ? ಬಿಚ್ಚಿದ ಬಲ್ಬುಗಳನ್ನು ಸ್ಕೂಲಿಗೆ ಒಯ್ದೆ. ಮಕ್ಕಳು ವಸ್ತುಪ್ರದರ್ಶನಕ್ಕೆಂದು ಅವುಗಳ ಬುಡ ಬಿಚ್ಚಿ, ಬಣ್ಣದ ನೀರು ತುಂಬಿ, ಸ್ಟಾಫ್ ರೂಮಿನ ಕಿಟಕಿಗೆ ತೋರಣ ಕಟ್ಟಿದರು. ಕಸದಿಂದ ರಸ ಎಂದು ನಾನೇ ಅದಕ್ಕೊಂದು ಚೀಟಿ ಅಂಟಿಸಿದೆ.

ಮಾರ್ಗಶಿರ ಬಂತು. ನಂದಿಯ ಬೆಟ್ಟಗಳ ಕಡೆಯಿಂದ ಮಂಜು ಇಳಿದು ಊರೆಲ್ಲ ಮಫ್ಲರು ಸುತ್ತಿಕೊಂಡಿತು. ಪದ್ಮ ಚಾಕಿ ಹುಳು, ಅಂದರೆ ಎಳೆಯ ಹುಳು, ತಂದು ತಟ್ಟೆಗೆ ಬಿಟ್ಟಳು. ರೇಷ್ಮೆಹುಳು ಬೆಳೆಯುವಾಗ ನಡುನಡುವೆ ತಿನ್ನುವುದು ಬಿಟ್ಟು, ತಲೆಯೆತ್ತಿಕೊಂಡು ಅಲ್ಲಾಡದೆ ಕೂತು, ಹಳೆಯ ಚರ್ಮ ಕಳಚಿ ಏಳುತ್ತದೆ. ಅದಕ್ಕೆ ನಮ್ಮ ಕಡೆ ಜ್ವರ ಎನ್ನುತ್ತಾರೆ. ಹುಳುಗಳು ಮೂರನೆಯ ಜ್ವರಕ್ಕೆ ಕೂತವು. ಕೂತವು, ಕೂತೇ ಇದ್ದವು. ಏಳುವ ಹೊತ್ತು ಮೀರಿತು. ಅಲ್ಲೊಂದು ಇಲ್ಲೊಂದು ಎದ್ದು, ಸೊಪ್ಪಿನ ಅಂಚು ಕಚ್ಚಿ, ಮತ್ತೆ ಮುದುಡಿಕೊಂಡಿತು. ಹೀಗೆ ಕೆಲವು ಎದ್ದು ಕೆಲವು ಮಲಗಿದರೆ ಬೆಳೆ ಹಾಳು ಎಂದೇ ಲೆಕ್ಕ. ಪದ್ಮ ಬೆಳಗ್ಗೆ ಎದ್ದವಳು ಮುಖ ತೊಳೆಯುವ ಮೊದಲು ಅಲ್ಲಿಗೆ ಹೋಗಿ ಬಗ್ಗಿ ನೋಡಿ, "ಎದ್ದಿಲ್ಲ ರೀ ಇನ್ನೂ" ಎನ್ನುತ್ತಿದ್ದಳು. ಅವಳ ಧ್ವನಿ ದಿನದಿನಕ್ಕೆ ಸಣ್ಣದಾಗುತ್ತಿತ್ತು.

ಕಾರಣಗಳಿಗೇನು ಬರ? ಮೊದಲು ಸೊಪ್ಪಿನ ಮೇಲೆ ಅನುಮಾನ ಬಂತು. ಆಮೇಲೆ ಮೊಟ್ಟೆಯ ಮೇಲೆ. ಹುಳದ ಮನೆಗೆ ಹೊರಗಿನವರನ್ನು ಬಿಡುವುದಿಲ್ಲವೆಂಬ ನಿಯಮವಿದ್ದರೂ ಪಕ್ಕದ ಮನೆಯಾಕೆ ಬಾಗಿಲಲ್ಲಿ ನಿಂತು, "ಎಷ್ಟು ಚೆನ್ನಾಗವೆ" ಎಂದಿದ್ದಳಂತೆ. ಅಮ್ಮ ಬಾಗಿಲಿಗೆ ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದಳು. ಎಲ್ಲರೂ ಕೆಮ್ಮಿದೆವು, ಹುಳುಗಳು ಕೆಮ್ಮಲೂ ಇಲ್ಲ, ಏಳಲೂ ಇಲ್ಲ. ನಾನೋ, ಮಫ್ಲರು ಬಿಗಿದುಕೊಂಡು, ಬಿಸಿ ಕಾಫಿ ಕೈಯಲ್ಲಿ ಹಿಡಿದು, ಸೊಪ್ಪಿನ ತೇವಾಂಶದ ಬಗ್ಗೆ ಬಾಗಿಲಲ್ಲಿ ನಿಂತು ಉಪನ್ಯಾಸ ಕೊಡುತ್ತಿದ್ದೆ. ಬಾಯಿಂದ ಹೊಗೆ ಬರುತ್ತಿತ್ತು. ಅಷ್ಟು ಚಳಿಯಲ್ಲಿ ನಿಂತು ಮಾತಾಡಿದರೂ ಚಳಿ ಎಂಬ ಶಬ್ದ ನನ್ನ ಉಪನ್ಯಾಸದಲ್ಲಿ ಒಂದು ಸಲವೂ ಬರಲಿಲ್ಲ.

ಅದು ಬಂದದ್ದು ಒಂಬತ್ತನೆಯ ತರಗತಿಯಲ್ಲಿ. ಶಕ್ತಿಯ ಪಾಠ ನಡೆಯುತ್ತಿತ್ತು, ನೋಟ್ಸು ಬರೆಸುತ್ತಿದ್ದೆ. ಎಷ್ಟೋ ವರ್ಷಗಳಿಂದ ಬರೆಸಿ ಬರೆಸಿ ಅದು ನನಗೆ ಸಂಧ್ಯಾವಂದನೆಯಂತೆ ಬಾಯಿಗೆ ಬರುತ್ತದೆ, ಅರ್ಥ ಜೊತೆಗೆ ಬರಬೇಕೆಂದೇನೂ ಇಲ್ಲ. "ತಂತಿಯ ಬಲ್ಬಿನಲ್ಲಿ ವಿದ್ಯುತ್ತಿನ ಸ್ವಲ್ಪ ಭಾಗ ಮಾತ್ರ ಬೆಳಕಾಗುತ್ತದೆ. ಉಳಿದ ಬಹುಪಾಲು ಶಾಖವಾಗಿ ಸುತ್ತಲಿನ ಗಾಳಿಯನ್ನು ಬಿಸಿ ಮಾಡುತ್ತಾ ವ್ಯರ್ಥ..." ಎಂದವನು ಅಲ್ಲೇ ನಿಂತೆ. ತಟ್ಟೆಗಳ ನಡುವೆ ತಗ್ಗಾಗಿ ನೇತಾಡುತ್ತಿದ್ದ ಆ ಬಲ್ಬುಗಳು ಕಣ್ಣೆದುರಿಗೆ ಬಂದವು. ಅಮ್ಮ ಅವನ್ನು ಬೆಳಕಿಗೆ ಹಾಕಿಸಿದ್ದಲ್ಲ. ನಾನು ವ್ಯರ್ಥ ಎಂದು ಬರೆಸುತ್ತಿದ್ದುದನ್ನೇ ತಿಂದುಕೊಂಡು ನಮ್ಮ ಮನೆಯ ಹುಳುಗಳು ಪ್ರತಿ ಮಾಗಿಯಲ್ಲೂ ಬದುಕಿದ್ದವು. ಆ ಶಾಖದಲ್ಲೇ ಗೂಡು ಕಟ್ಟಿ ನನ್ನನ್ನು ಓದಿಸಿದ್ದವು. ಮಕ್ಕಳು ಪೆನ್ನು ಎತ್ತಿಕೊಂಡು ಕಾಯುತ್ತಿದ್ದರು. ಮುಂದಿನ ಬೆಂಚಿನ ಹುಡುಗಿಯೊಬ್ಬಳು, "ಸಾರ್, ವ್ಯರ್ಥ ಆದ್ಮೇಲೆ?" ಎಂದಳು. "ಆಮೇಲೆ ಹೇಳ್ತೀನಮ್ಮಾ" ಎಂದು, ಹೆಡ್‌ಮಾಸ್ಟರಿಗೆ ಹೊಟ್ಟೆನೋವಿನ ನೆಪ ಹೇಳಿ ಹೊರಟೆ. ಹೊಟ್ಟೆನೋವು ನಿಜವೇ ಆಗಿತ್ತು. ಸ್ಟಾಫ್ ರೂಮಿನ ಕಿಟಕಿಯಲ್ಲಿ ಕೆಂಪು, ಹಸಿರು ನೀರು ಕುಡಿದು ನೇತಾಡುತ್ತಿದ್ದ ನಮ್ಮ ಮನೆಯ ಬಲ್ಬುಗಳನ್ನು ನೋಡಿ ಅದು ಇನ್ನಷ್ಟು ಹೆಚ್ಚಾಯಿತು.

ಮನೆಗೆ ಬಂದು ಹೆಲ್ಮೆಟ್ಟೂ ತೆಗೆಯದೆ ಪದ್ಮಳಿಗೆ ವಿಷಯ ಹೇಳಿದೆ. ಬಯ್ಯುತ್ತಾಳೆ ಎಂದುಕೊಂಡಿದ್ದೆ. ಬಯ್ಯಲಿಲ್ಲ. ನನ್ನನ್ನೇ ನೋಡಿ, ನಿಧಾನವಾಗಿ, "ರೂಮಿಗೋಸ್ಕರ ಮಾಡಿದ್ರಾ?" ಎಂದಳು.

ಆ ಮಾತು ನನಗೆ ನಿಜವಾಗಿಯೂ ನೋವು ಮಾಡಿತು. ಇಲ್ಲ ಎಂದೆ. ಆದರೆ ಯೋಚಿಸಿ ನೋಡಿದರೆ ಅವಳ ತಪ್ಪೇನು? ಬೆಳೆ ಕೈಕೊಟ್ಟರೆ ಕೋಣೆ ಯಾರಿಗೆ ಎಂಬುದು ತೀರ್ಮಾನವಾಗಿತ್ತು. ಬಲ್ಬು ಬಿಚ್ಚಿದವನು ನಾನೇ. ಮೇಜಿನ ಅಳತೆಯನ್ನು ಬಡಗಿಗೆ ಕೊಟ್ಟದ್ದೂ ಅವಳಿಗೆ ಗೊತ್ತಿತ್ತು. ಯಾವ ಕೋರ್ಟಿಗೆ ಹೋದರೂ ನಾನೇ ಅಪರಾಧಿ. ಪಕ್ಕದಲ್ಲಿದ್ದ ಅಮ್ಮನನ್ನು, "ನೀನಾದ್ರೂ ಬಲ್ಬು ಬಿಚ್ಚೋವಾಗ ಹೇಳಬಾರ್ದಿತ್ತಾ?" ಎಂದು ಕೇಳಿದೆ. "ನೀನು ಹೊಸ ಬಲ್ಬು ಎಲ್ಲಾದ್ರಲ್ಲೂ ಹಳೇದಕ್ಕಿಂತ ಮೇಲು ಅಂದೆ. ಬಿಸೀನೂ ಜಾಸ್ತಿ ಬರುತ್ತೇನೋ ಅಂದ್ಕೊಂಡೆ ಕಣಪ್ಪಾ" ಎಂದಳು. ಅವಳ ಮುಖದಲ್ಲಿ ಕೊಂಕಿನ ಸುಳಿವೂ ಇರಲಿಲ್ಲ. ಮಗನ ಮಾತನ್ನು ಪೂರ್ತಿ ನಂಬಿದ ಒಂದೇ ಜೀವ ಅದು, ಅದಕ್ಕೂ ಹೀಗಾಯಿತು. ಆ ಕ್ಷಣದಲ್ಲಿ ನನಗೆ ಓದುವ ಕೋಣೆ ಬೇಡವಾಯಿತು. ಆ ಹುಳುಗಳು ಎದ್ದರೆ ಸಾಕಾಗಿತ್ತು.

ಹೀಟರು ತಂದು ಹಾಕಿದೆ. ಹಳೆಯ ವೈರಿಂಗು ಅದನ್ನು ತಡೆಯಲಾರದೆ ಮನೆಯ ಫ್ಯೂಸು ಹಾರಿ, ಹುಳುಗಳಿಗೆ ಚಳಿಯ ಜೊತೆಗೆ ಕತ್ತಲೆಯನ್ನೂ ಒದಗಿಸಿದ ಕೀರ್ತಿ ನನ್ನದಾಯಿತು. ಅಮ್ಮ ಇದ್ದಿಲಿನ ಒಲೆ ಹೂಡಿಸಿದಳು. ಹೊಗೆ ಹುಳುಗಳಿಗೆ ಆಗುವುದಿಲ್ಲವೆಂದು ಆಗಾಗ ಒಳಗೆ, ಆಗಾಗ ಹೊರಗೆ ಅದನ್ನು ಹೊತ್ತು ತಿರುಗುವ ಕೆಲಸ ನನ್ನ ಪಾಲಿಗೆ ಬಂತು. ಅದು ಆ ಹೊತ್ತಿಗೆ ಜೀವ ಹಿಡಿಯುವಷ್ಟು ಬಿಸಿ ಕೊಟ್ಟಿತು, ಅಷ್ಟೇ. ಮಾರನೆಯ ದಿನ ರಜೆ ಹಾಕಿ ಬಾಷಾ ಸಾಹೇಬರ ಅಂಗಡಿಗೆ ಹೋದೆ. ಬೇರೆ ಗಿರಾಕಿಗಳು ಹೋಗಲಿ ಎಂದು ಫ್ಯಾನುಗಳನ್ನು ನೋಡುತ್ತಾ ನಿಂತೆ. ಮಾಗಿಯಲ್ಲಿ ಫ್ಯಾನು ನೋಡುವವನ ಮೇಲೆ ಯಾರಿಗೂ ನಂಬಿಕೆ ಬರುವುದಿಲ್ಲ. ಕೊನೆಗೆ ತಗ್ಗಿದ ಧ್ವನಿಯಲ್ಲಿ, "ನೂರು ಕ್ಯಾಂಡಲ್ ಬಲ್ಬು ಇದ್ಯಾ ಸಾಹೇಬ್ರೇ?" ಎಂದೆ. ಅವರು ಕನ್ನಡಕ ಮೇಲಕ್ಕೇರಿಸಿದರು. "ಅರೆ ಮೇಷ್ಟ್ರೇ! ನೀವೇ ಪಾಪ ಅಂದ್ರಲ್ಲ? ನಿಮ್ಮ ಭಾಷಣ ಕೇಳಿ ಗಿರಾಕಿಗಳು ಕೇಳೋದೇ ಬಿಟ್ರು, ನಾನೂ ತರಿಸೋದು ಬಿಟ್ಟೆ. ಮೊದಲ್ನೇ ಸಲ ನಿಮ್ಮ ಮಾತಿಂದ ಒಂದು ಕೆಲ್ಸ ಆಯ್ತು ನೋಡಿ." ನನ್ನ ಭಾಷಣ ಫಲಿಸಿದ ಏಕೈಕ ಅಂಗಡಿಯ ಮುಂದೆ ನಾನು ಬರಿಗೈಯಲ್ಲಿ ನಿಂತಿದ್ದೆ.

ಚಿಂತಾಮಣಿಗೆ ಹೋದೆ. ಅಲ್ಲಿ ಥಳಥಳಿಸುವ ದೊಡ್ಡ ಅಂಗಡಿಯೊಂದರಲ್ಲಿ ಗುಂಡು ಬಲ್ಬುಗಳು ಸಾಲಾಗಿ ನೇತಾಡುತ್ತಿದ್ದವು. ಒಳಗೆ ಚಿನ್ನದ ಬಣ್ಣದ ತಂತಿ, ಹಳದಿ ಬೆಳಕು, ಥೇಟು ನಮ್ಮ ಕಾಲದ್ದು. ದೇವರು ಕಣ್ಣುಬಿಟ್ಟ ಎಂದುಕೊಂಡು ಕೊಂಡು ತಂದು, ಏಣಿ ಹತ್ತಿ ಸಿಕ್ಕಿಸಿದೆ. ಬೆಳಕು ಬಂಗಾರದಂತೆ ಹರಡಿತು. ಅಮ್ಮ ಕೈಮುಗಿದಳು. ಪದ್ಮ ಬಲ್ಬನ್ನು ಅಂಗೈಯಿಂದ ಹಿಡಿದು ನೋಡಿ, "ಆರಿದ ಹೆಸರುಬೇಳೆ ಪಾಯಸದಷ್ಟೂ ಬಿಸಿ ಇಲ್ಲ" ಎಂದಳು. ಡಬ್ಬದ ಮೇಲೆ ಬರೆದದ್ದನ್ನು ಓದಿದೆ. ಹಳೆಯ ಬಲ್ಬಿನ ವೇಷ ಹಾಕಿಕೊಂಡ ಎಲ್‌ಇಡಿ ಅದು. ಹಳೆಯದರ ರೂಪ ಬೇಕು, ಗುಣ ಬೇಡ ಎನ್ನುವ ದೊಡ್ಡ ಹೋಟೆಲಿನವರಿಗೆ ಮಾಡಿದ್ದಂತೆ. ಚಿಕ್ಕಬಳ್ಳಾಪುರದ ಗೆಳೆಯನಿಗೆ ಫೋನು ಮಾಡಿದೆ. ಅವನು, "ಮೊಬೈಲಲ್ಲಿ ಆರ್ಡರ್ ಮಾಡೋ, ವಾರದಲ್ಲಿ ಬರುತ್ತೆ" ಎಂದ. ವಾರವೆಲ್ಲ ಕಾಯಲು ಹುಳುಗಳಿಗೆ ಪುರುಸೊತ್ತಿರಲಿಲ್ಲ. ಆಗ ಪದ್ಮ, ನನ್ನನ್ನು ನೋಡದೆ ಗೋಡೆಗೆ ಹೇಳುವಂತೆ, "ಮಂಜನ ಹತ್ರ ಇರ್ತವೆ" ಎಂದಳು.

"ಅವ್ನ ಹತ್ರ ಎಲ್ಲಿಂದ ಇರ್ತವೆ? ದೀಪಾವಳಿಲೇ ಎಲ್ಲ ಬದ್ಲಾಯಿಸ್ಬಿಟ್ಟ" ಎಂದೆ. ಪದ್ಮ ಮೊಳೆಯಲ್ಲಿದ್ದ ಚೀಲ ತೆಗೆದು ನನ್ನ ಕೈಗಿಟ್ಟಳು.

ಮಾರನೆಯ ಬೆಳಗ್ಗೆ ಚಿಕ್ಕಬಳ್ಳಾಪುರಕ್ಕೆ ಹೋಗಿ, ಅಲ್ಲಿಂದ ಗೌರಿಬಿದನೂರಿಗೆ ಹೋಗಿ, ಇನ್ನೊಂದು ಬಸ್ಸು ಹಿಡಿದು ನಗರಗೆರೆ ಸೇರಿದೆ. ಜಗುಲಿಯಲ್ಲಿ ನಾನು ಹೇಳಿದ ಎಲ್‌ಇಡಿ ಲಕ್ಷಣವಾಗಿ ನೇತಾಡುತ್ತಿತ್ತು. ಹಜಾರದಲ್ಲೂ ನೇತಾಡುತ್ತಿತ್ತು. ಹೆಮ್ಮೆಯಾಯಿತು, ಬಂದ ಕೆಲಸ ನೆನೆದು ದುಃಖವೂ ಆಯಿತು. ವಿಷಯ ಕೇಳಿದ ಮಂಜ ತಲೆ ಕೆರೆದುಕೊಂಡು, ಹಿತ್ತಿಲಿನ ಕೋಳಿ ಶೆಡ್ಡಿಗೆ ಕರೆದುಕೊಂಡು ಹೋದ. ಒಳಗೆ ನೋಡುತ್ತೇನೆ, ಸಾಲಾಗಿ ನೂರು ಕ್ಯಾಂಡಲ್ ಬಲ್ಬುಗಳು! ಎಳೆಯ ನಾಟಿ ಕೋಳಿಮರಿಗಳಿಗೆ ಶಾಖಕ್ಕೆಂದು ತಗ್ಗಾಗಿ ತೂಗುಹಾಕಿದ್ದ.

"ಬದ್ಲಾಯಿಸ್ತೀನಿ ಅಂದ್ಯಲ್ಲೋ?"

"ನಿಮ್ ಮಾತು ಮೀರಕ್ಕಾಗುತ್ತಾ ಭಾವ? ಅದಕ್ಕೇ ನೀವು ಬಂದ್ರೆ ಎಲ್ಲೆಲ್ಲಿ ಕೂತ್ಕೊಳ್ತೀರೋ ಅಲ್ಲೆಲ್ಲಾ ಹಾಕ್ಸಿದೀನಿ. ಕೋಳಿ ಶೆಡ್ಡಿಗೆ ನೀವು ಬರಲ್ಲ ಅಂದ್ಕೊಂಡೆ."

ಎಲ್ಲ ನೆಂಟರೂ ಹೀಗೇ ಮಾಡಿದ್ದಾರೆಂದು ಅವನು ಸಮಾಧಾನದ ದನಿಯಲ್ಲಿ ಹೇಳಿದ. ನಾನು ಹೋಗುವ ಮುಂಚೆ ಒಬ್ಬರಿಗೊಬ್ಬರು ಫೋನು ಮಾಡಿಕೊಂಡು ಜಗುಲಿಯ ಬಲ್ಬು ಬದಲಾಯಿಸುತ್ತಾರಂತೆ. ನನ್ನ ಉಪದೇಶವನ್ನು ಅಕ್ಷರಶಃ ಪಾಲಿಸಿದವರು ಇಡೀ ಜಿಲ್ಲೆಯಲ್ಲಿ ಇಬ್ಬರೇ ಎಂದಾಯಿತು. ಒಬ್ಬರು ಬಾಷಾ ಸಾಹೇಬರು. ಇನ್ನೊಬ್ಬ ನಾನು, ಹಾಳಾದವನು. ಮಂಜ ಒಳ್ಳೆಯ ಹುಡುಗ. ಮರಿಗಳಿಗೆ ಆಗಲೇ ಪುಕ್ಕ ಬಂದಿದ್ದರಿಂದ ಸದ್ಯಕ್ಕೆ ಶಾಖದ ಅವಶ್ಯಕತೆಯಿಲ್ಲವೆಂದು ಬಲ್ಬುಗಳನ್ನೆಲ್ಲ ಬಿಚ್ಚಿ, ಹುಲ್ಲಿಟ್ಟು ಟೊಮ್ಯಾಟೊ ಕ್ರೇಟಿನಲ್ಲಿ ಜೋಡಿಸಿಕೊಟ್ಟ. "ಹೊಸ ಮರಿ ಬರೋವಷ್ಟರಲ್ಲಿ ವಾಪಸ್ ಕೊಟ್ಬಿಡಿ ಭಾವ" ಎಂದ.

ಕ್ರೇಟನ್ನು ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ಕೂತೆ. ರಸ್ತೆಯ ಪ್ರತಿ ಹಳ್ಳಕ್ಕೂ ನನ್ನ ಎದೆ ಝಲ್ಲೆನ್ನುತ್ತಿತ್ತು. ಪಕ್ಕದಲ್ಲಿ ಕೂತ ಮುದುಕಿ ಹುಲ್ಲು ಸರಿಸಿ ನೋಡಿ, "ಬಲ್ಬಾ? ಈಗೆಲ್ಲಾ ಹೊಸ ಬಲ್ಬು ಬಂದವೆ ಕಣಪ್ಪ. ಕರೆಂಟು ಕಮ್ಮಿ ತಿಂತವೆ, ಮುಟ್ಟಿದ್ರೂ ಸುಡಲ್ಲ. ನಮ್ಮೂರಿಗೆ ಯಾರದೋ ನೆಂಟ್ರು, ಮೇಷ್ಟ್ರಂತೆ, ಬಂದು ಹೇಳಿ ಹೋದ್ರು" ಎಂದಳು. ಗೌರಿಬಿದನೂರು ಬರುವ ತನಕ ಆಕೆ ನನಗೆ ಎಲ್‌ಇಡಿಯ ಗುಣಗಳನ್ನು ವಿವರಿಸಿದಳು. ಒಂದನ್ನೂ ತಪ್ಪಾಗಿ ಹೇಳಲಿಲ್ಲ. ಉಪದೇಶ ಕೇಳುವವನ ಸ್ಥಿತಿ ಹೇಗಿರುತ್ತದೆಂದು ನನಗೆ ಆವತ್ತು ಗೊತ್ತಾಯಿತು. ಇಳಿದು ಹೋಗೋಣವೆಂದರೆ ತೊಡೆಯ ಮೇಲೆ ಕ್ರೇಟು.

ಸಂಜೆ ಬಲ್ಬುಗಳನ್ನು ಒಂದೊಂದಾಗಿ ಸಿಕ್ಕಿಸಿದೆ. ಪದ್ಮ ಏಣಿ ಹಿಡಿದುಕೊಂಡಿದ್ದಳು. ಸ್ವಿಚ್ಚು ಒತ್ತಿದಾಗ ಕೋಣೆ ಹಳದಿಯಾಯಿತು. ಸ್ವಲ್ಪ ಹೊತ್ತಿಗೆ ನನ್ನ ಮಫ್ಲರು ಭಾರವೆನಿಸಿ ತೆಗೆದೆ. ಮಾರನೆಯ ಬೆಳಗ್ಗೆ ಪದ್ಮ ಎಂದಿನಂತೆ ಮುಖವನ್ನೂ ತೊಳೆಯದೆ ಹೋದಳು. ಬಹಳ ಹೊತ್ತಾದರೂ ಬರಲಿಲ್ಲ. ಹೆದರಿಕೊಂಡು ನಾನೂ ಹೋದೆ. ಅವಳು ತಟ್ಟೆಯ ಮುಂದೆ ಕುಕ್ಕುರುಗಾಲಿನಲ್ಲಿ ಕೂತು ಸೊಪ್ಪು ಹರಡುತ್ತಿದ್ದಳು. ಹುಳುಗಳು ಎದ್ದಿದ್ದವು. ಪರೀಕ್ಷೆಯ ಹಾಲಿನಲ್ಲಿ ಮಕ್ಕಳೆಲ್ಲ ಒಟ್ಟಿಗೆ ಪುಟ ತಿರುಗಿಸಿದಂತೆ ಸೊಪ್ಪು ಮೇಯುವ ಸರಸರ ಸದ್ದು ಕೋಣೆಯಲ್ಲೆಲ್ಲ ತುಂಬಿತ್ತು. ಪದ್ಮ ತಿರುಗಿ ನೋಡಿ, "ಕಾಫಿ ಕುಡಿದ್ರಾ?" ಎಂದಳು. ರೂಮಿನ ಆ ಪ್ರಶ್ನೆಯ ಮೇಲೆ ಅವಳಾಗಿ ಕೇಳಿದ ಮೊದಲ ಪ್ರಶ್ನೆ ಅದು. ಕುಡಿದಿದ್ದರೂ ಇಲ್ಲವೆಂದೆ. ಸುಳ್ಳು ಹೇಳಿದೆ ಎಂಬ ಪಶ್ಚಾತ್ತಾಪವೇನೂ ನನಗಿಲ್ಲ.

ಕೆಲವು ಹುಳುಗಳು ಹಿಂದೆ ಬಿದ್ದು ಹೋದವು, ನಿಜ. ಉಳಿದವು ನಾಲ್ಕನೆಯ ಜ್ವರವನ್ನು ಸಲೀಸಾಗಿ ದಾಟಿ, ಬಲಿತು ಹಣ್ಣಾಗಿ, ಚಂದ್ರಿಕೆಯೆಂಬ ಬಿದಿರಿನ ತಟ್ಟಿಯ ಮೇಲೆ ಗೂಡು ಕಟ್ಟಿದವು. ಶಿಡ್ಲಘಟ್ಟದ ಮಾರುಕಟ್ಟೆಯಲ್ಲಿ ಗೂಡನ್ನು ಕಿವಿಯ ಹತ್ತಿರ ಅಲ್ಲಾಡಿಸಿ ನೋಡಿದವರು, "ಮಾಗಿ ಬೆಳೆನಾ? ಯಾರಮ್ಮಾ ಸಾಕಿದ್ದು?" ಎಂದು ಕೇಳಿದರಂತೆ. ಪದ್ಮ ಮನೆಗೆ ಬಂದು ಅದನ್ನು ಮೂರು ಸಲ ಹೇಳಿದಳು. ಪ್ರತಿ ಸಲವೂ ಅಮ್ಮ, "ಯಾರಮ್ಮಾ ಅಂದ್ರಾ?" ಎಂದು ಹೊಸದಾಗಿ ಕೇಳಿದಳು. ಕೋಣೆಯ ಸುದ್ದಿಯನ್ನು ಯಾರೂ ಎತ್ತಲಿಲ್ಲ. ಬಡಗಿಗೆ ಫೋನು ಮಾಡಿ ಮೇಜು ಬೇಡವೆಂದೆ. ಗಂಭೀರವಾಗಿ ಕೂರಲು ಅಡುಗೆಮನೆಯ ಮೂಲೆಯೂ ಆಗುತ್ತದೆ.

ಆದರೆ ಕಥೆ ಅಲ್ಲಿಗೇ ಮುಗಿಯಲಿಲ್ಲ. ಪದ್ಮ ಇನ್ನೊಂದು ಬೆಳೆಗೆ ಹುಳು ತಂದಳು. ಚಳಿ ಇನ್ನೂ ಹೋಗಿರಲಿಲ್ಲ. ನಾನು ಈ ಸಲ ಶಾಸ್ತ್ರೋಕ್ತವಾಗಿರಲಿ ಎಂದು ಸ್ಕೂಲಿನ ಲ್ಯಾಬಿನಿಂದ ಒಂದು ಥರ್ಮಾಮೀಟರು ತಂದು ಹುಳದ ಮನೆಯ ಗೋಡೆಗೆ ತೂಗುಹಾಕಿದೆ. ಅಷ್ಟರಲ್ಲಿ ಮಂಜನ ಫೋನು ಬಂತು. ಹೊಸ ಮರಿಗಳು ಬಂದಿವೆ, ಬಲ್ಬು ಬೇಕು. ಹೊಸ ಬೆಳೆಗೆಂದು ಆ ವಾರವಷ್ಟೇ ನಾನು ಮೊಬೈಲಿನಲ್ಲಿ ಆರ್ಡರ್ ಮಾಡಿದ್ದ ಬಲ್ಬುಗಳು ಬರುವುದಕ್ಕೆ ಇನ್ನೂ ಎರಡು ಮೂರು ದಿನವಿತ್ತು. ಕ್ರೇಟಿಗೆ ಹುಲ್ಲು ಹಾಸುತ್ತಾ ನಾನು ಪದ್ಮಳಿಗೆ ಹೇಳಿದೆ, ತಪ್ಪು ಎಲ್‌ಇಡಿಯದ್ದಲ್ಲ, ಅದನ್ನು ಬೆಳಕಿಗೆ ಬಳಸಬೇಕು, ಶಾಖಕ್ಕೆ ಬೇರೆ ವ್ಯವಸ್ಥೆ ಇರಬೇಕು, ತತ್ತ್ವವಾಗಿ ನಾನು ಹೇಳಿದ್ದು ಈಗಲೂ ಸರಿಯೇ, ಬೇಕಾದರೆ ಮೊದಲಿನಿಂದ ವಿವರಿಸುತ್ತೇನೆ ಎಂದು. ವಿವರಿಸತೊಡಗಿದೆ ಕೂಡ. ಪದ್ಮ ಸೊಪ್ಪು ಹಾಕುತ್ತಾ ಪೂರ್ತಿ ಕೇಳಿದಳು. ಅವಳು ನನ್ನ ಮಾತನ್ನು ಪೂರ್ತಿ ಕೇಳಿದ್ದು ಮದುವೆಯಾದ ಮೇಲೆ ಅದೇ ಮೊದಲು.

"ಬಲ್ಬು ಹೋದ್ರೆ ಹೋಗ್ಲಿ ಬಿಡಿ. ಹೊಸಾವು ಬರೋ ತನಕ ಸಂಜೆ ಹೊತ್ತು ನೀವು ಇಲ್ಲೇ ತಟ್ಟೆ ಮಧ್ಯ ಕೂತ್ಕೊಂಡು ಹೀಗೇ ಮಾತಾಡ್ತಿರಿ" ಎಂದಳು. "ಬೆಳಕು ಸ್ವಲ್ಪ ಕಮ್ಮಿ. ಶಾಖಕ್ಕೇನೂ ತೊಂದ್ರೆ ಇಲ್ಲ."

ನನಗೆ ಕೋಪ ಬಂತು. ಕಿವಿ ಬಿಸಿಯಾಯಿತು. ತಕ್ಕ ಉತ್ತರ ಕೊಡಬೇಕೆಂದು ಎದ್ದು ನಿಂತು ಬಾಯಿ ತೆರೆದೆ. ಪದ್ಮ ನನ್ನ ಮುಖವನ್ನು ನೋಡಲಿಲ್ಲ, ಗೋಡೆಯ ಥರ್ಮಾಮೀಟರನ್ನು ನೋಡಿದಳು.